ರಬ್ಬರ್ ಡಾಂಬರಿನ ಕೆಳಗಿನ ನೀರು

ಪುಟ್ಟಿ, ಅಪ್ಪು,

ಹೋದ ತಿಂಗಳು ಫೋನಿನಲ್ಲಿ ನೀವಿಬ್ಬರೂ ಒಟ್ಟಿಗೇ ಕೇಳಿದಿರಿ, "ಅಜ್ಜೀ, ಹಳೇ ಟೈರಿಂದ ರಸ್ತೆ ಮಾಡ್ತಾರಂತೆ, ನಮ್ ಮಿಸ್ ಹೇಳಿದ್ರು. ನಿಮ್ ಮನೆ ಮುಂದಿನ ರಸ್ತೆನೂ ಹಂಗೇನಾ?" ನಾನು "ಹೂಂ, ಹಂಗೇ" ಅಂದು, ಫೋನು ನಿಮ್ಮಮ್ಮನಿಗೆ ಕೊಡಿ ಅಂದುಬಿಟ್ಟೆ. ನಿಮಗೆ ಬೇಜಾರಾಗಿರಬೇಕು. ನನಗೆ ಫೋನು ಕೈಗೆ ಬಂದರೆ ಮಾತು ಬರುವುದಿಲ್ಲ. ಎದುರಿಗೆ ಜನ ಇದ್ದರೂ ಅಷ್ಟೇ. ಏಳನೇ ಕ್ಲಾಸಿನವರೆಗೆ ಓದಿದವಳು, ಬರೆಯುವುದು ಮಾತ್ರ ಮರೆತಿಲ್ಲ. ಅದಕ್ಕೆ ಅಂಗಡಿಯಿಂದ ಒಂದು ನೋಟುಬುಕ್ಕು ತರಿಸಿ ಬರೆಯುತ್ತಿದ್ದೇನೆ.

ಹೌದು, ನಮ್ಮ ಮನೆ ಮುಂದಿನ ರಸ್ತೆಯ ಡಾಂಬರಿನಲ್ಲಿ ಹಳೆಯ ಟೈರಿನ ಪುಡಿ ಇದೆ. ಆದರೆ ಅಷ್ಟು ಹೇಳಿ ನಿಲ್ಲಿಸಿದರೆ ಅದು ಪೂರ್ತಿ ಮಾತಾಗುವುದಿಲ್ಲ.

ನಿಮ್ಮ ತಾತ ರಸ್ತೆ ಗ್ಯಾಂಗಿನಲ್ಲಿ ಇದ್ದವರು. ಚೆಟ್ಟಳ್ಳಿ ಕಡೆಗೆ ಏರುವ ಈ ರಸ್ತೆಯಲ್ಲಿ ಇಷ್ಟು ಮೈಲಿ ಅಂತ ಅವರ ಗ್ಯಾಂಗಿಗೆ ಒಪ್ಪಿಸಿದ್ದರು. ಚರಂಡಿ ಬಿಡಿಸುವುದು, ಬಿದ್ದ ಮರ ಕಡಿದು ಎಳೆಯುವುದು, ಮಳೆ ನಿಂತ ಮೇಲೆ ಗುಂಡಿಗೆ ಜಲ್ಲಿ ತುಂಬಿ ತೇಪೆ ಹಾಕುವುದು, ಇದೇ ಕೆಲಸ. ರಸ್ತೆಯ ಬದಿಯಲ್ಲೇ ಡ್ರಮ್ಮಿಟ್ಟು ಡಾಂಬರು ಕಾಯಿಸುತ್ತಿದ್ದರು. ಈ ಸೀಮೆಯ ಸೌದೆ ಯಾವಾಗಲೂ ಹಸಿ, ಬೇಗ ಹತ್ತಿಕೊಳ್ಳುವುದಿಲ್ಲ. ಅದಕ್ಕೆ ಹಳೆಯ ಟೈರು ಕತ್ತರಿಸಿ ಡ್ರಮ್ಮಿನ ಕೆಳಗೆ ತುರುಕುತ್ತಿದ್ದರು. ಅದರ ಹೊಗೆ ಹೇಗೆ ಅಂತೀರಿ, ಕಪ್ಪಗೆ, ದಪ್ಪಗೆ, ನಮ್ಮ ಮನೆಯ ಹೆಂಚಿನವರೆಗೂ ಬರೋದು. ಸಂಜೆ ತಾತ ಬಂದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವರ ಕೈ ಒರೆಸಿ, ಆಮೇಲೆ ಬಿಸಿನೀರು ಕೊಡುತ್ತಿದ್ದೆ. ಶರಟನ್ನು ಎಷ್ಟು ಒಗೆದರೂ ರಬ್ಬರು ಸುಟ್ಟ ವಾಸನೆ ಹೋಗುತ್ತಿರಲಿಲ್ಲ. ನಮ್ಮ ಕಾಲಕ್ಕೆ ರಸ್ತೆ ಕೆಲಸದಲ್ಲಿ ಹಳೆಯ ಟೈರಿನ ಉಪಯೋಗ ಅಂದರೆ ಅಷ್ಟೇ, ಉರಿಯುವುದು.

ನಮ್ಮ ಮನೆ ಇರುವುದು ತಿರುವಿನ ಕೆಳಮಗ್ಗುಲಿಗೆ ಅಂತ ನೀವು ನೋಡಿದ್ದೀರಿ. ಮೇಲುಗಡೆ ಎಸ್ಟೇಟಿನ ಗುಡ್ಡ, ನಡುವೆ ರಸ್ತೆ, ಕೆಳಗೆ ನಾವು. ಆ ತಿರುವಿನಲ್ಲಿ ಜೋರು ಮಳೆಗಾಲದಲ್ಲಿ ಜಲ ಏಳುತ್ತದೆ. ಬೇಸಿಗೆಯಲ್ಲಿ ನೋಡಿದರೆ ಯಾರೂ ನಂಬುವುದಿಲ್ಲ, ಮಣ್ಣು ಸುಟ್ಟ ಹಾಗೆ ಇರುತ್ತದೆ. ಆಷಾಢ ಬಂತು ಅಂದರೆ ರಸ್ತೆಯ ಹೊಟ್ಟೆಯೊಳಗಿಂದಲೇ ನೀರು ಬರುತ್ತದೆ. ತಾತ ಗ್ಯಾಂಗಿಗೆ ಬಂದ ಹೊಸದರಲ್ಲಿ ಪ್ರತಿ ವರ್ಷ ಅಲ್ಲಿ ರಸ್ತೆ ಒಡೆಯುತ್ತಿತ್ತಂತೆ. ಎರಡು ಮೂರು ವರ್ಷ ನೋಡಿ, ಒಂದು ಬೇಸಿಗೆಯಲ್ಲಿ ತಾವೇ ಇನ್ನೊಬ್ಬ ಗ್ಯಾಂಗಿನವರನ್ನು ಸೇರಿಸಿಕೊಂಡು ರಸ್ತೆಗೆ ಅಡ್ಡಲಾಗಿ ಓರೆಯಾಗಿ ಅಗೆದು, ದಪ್ಪ ಕಲ್ಲು ತುಂಬಿ, ಮೇಲೆ ಸಣ್ಣ ಕಲ್ಲು ಹಾಕಿ ಮುಚ್ಚಿದರು. ಜಲ ಆ ಕಲ್ಲುಗಳ ಸಂದಿನಲ್ಲೇ ಹರಿದು ನಮ್ಮ ಬೇಲಿಯ ಹತ್ತಿರ ಹೊರಗೆ ಬರಲಿ ಅಂತ. ಕಲ್ಲು ಇಲಾಖೆಯ ರಾಶಿಯಿಂದ ತೆಗೆದದ್ದು. ಯಾರ ಅಪ್ಪಣೆಯೂ ಇಲ್ಲ, ಯಾವ ಕಾಗದದಲ್ಲೂ ಇಲ್ಲ.

"ಯಾರ ಹತ್ರನೂ ಬಾಯ್ಬಿಡ್ಬೇಡ," ಅಂದರು ನನಗೆ. "ಯಾರನ್ನ ಕೇಳಿ ಸರ್ಕಾರದ ರಸ್ತೆ ಅಗೆದೆ ಅಂತಾರೆ."

"ನಾನ್ಯಾರ ಹತ್ರ ಹೇಳ್ಲಿ?" ಅಂದೆ.

"ಅದೂ ಸರಿನೇ. ನಿನ್ ಹತ್ರ ಹೇಳೋದೂ ಒಂದೇ, ಈ ಕಲ್ಲಿನ ಹತ್ರ ಹೇಳೋದೂ ಒಂದೇ," ಅಂತ ನಕ್ಕರು.

ಅವತ್ತಿನಿಂದ ಆ ಮೋರಿಯ ಬಾಯಿ ನನ್ನ ಪಾಲಿಗೆ ಬಂತು. ಮಳೆ ಹಿಡಿಯುವ ಮೊದಲು ಸಿಲ್ವರ್ ಓಕ್ ಮರದ ಎಲೆ, ಕೆಸರು, ಬೇರು ಎಲ್ಲ ತೆಗೆದು ಬಿಡಿಸಿಡುವುದು ನನ್ನ ಕೆಲಸ. ರಸ್ತೆ ಅಲ್ಲಿ ಮತ್ತೆ ಒಡೆಯಲಿಲ್ಲ. ಸಾಹೇಬರುಗಳು ಬಂದು ಹೋದರು, ಆ ತಿರುವು ಯಾಕೆ ಗಟ್ಟಿಯಾಯಿತು ಅಂತ ಒಬ್ಬರೂ ಕೇಳಲಿಲ್ಲ. ಗಟ್ಟಿ ಇರುವುದನ್ನು ಯಾರು ಕೇಳುತ್ತಾರೆ?

ತಾತ ಹೋದ ಮೇಲೆ ಆ ಇನ್ನೊಬ್ಬ ಗ್ಯಾಂಗಿನವರೂ ಹೋದರು. ಆಮೇಲೆ ಅದು ಗೊತ್ತಿದ್ದವಳು ನಾನೊಬ್ಬಳೇ.

ಆ ದಿನಗಳಲ್ಲಿ ನನಗಿದ್ದ ಜೊತೆ ಅಂದರೆ ಬೆಳಗಿನ ಬಸ್ಸು. ಏಳೂವರೆಗೆ ಬರುತ್ತಿತ್ತು. ಅದರಲ್ಲಿ ಎಸ್ಟೇಟಿಗೆ ಕೆಲಸಕ್ಕೆ ಬರುವ ಎಂಟು ಹತ್ತು ಹೆಂಗಸರು ನಮ್ಮ ತಿರುವಿನಲ್ಲಿ ಇಳಿಯುತ್ತಿದ್ದರು. ಎಂಟಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹಾಜರಿ ಕೂಗುವವರೆಗೆ ನಮ್ಮ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಬೆಲ್ಲದ ಕಾಫಿ ಕಾಯಿಸಿ ಇಟ್ಟಿರುತ್ತಿದ್ದೆ. ಅವರಲ್ಲಿ ತಮಿಳಿನ ಹೆಂಗಸು ಒಬ್ಬಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಅವಳ ಬಾಯಿ ಒಂದು ಗಳಿಗೆ ನಿಲ್ಲದು. ಎಲ್ಲರೂ ಮಾತಾಡುತ್ತಿದ್ದರು, ನಾನು ಬಾಗಿಲ ಹತ್ತಿರ ಕೂತು ಕೇಳುತ್ತಿದ್ದೆ. ದಿನಕ್ಕೆ ಅರ್ಧ ಗಂಟೆ. ಮಿಕ್ಕ ಹೊತ್ತು ಅದನ್ನೇ ನೆನೆಸಿಕೊಂಡು ಕಳೆಯುತ್ತಿದ್ದೆ. ಬಸ್ಸು ಹೊರಡುವಾಗ ಡ್ರೈವರ್ ಎರಡು ಸಲ ಹಾರನ್ ಒತ್ತುತ್ತಿದ್ದ. ಅದು ನನಗೆ ಅಂತಲೇ ಅಂದುಕೊಂಡಿದ್ದೆ, ತಿರುವು ಅಂತ ಒತ್ತುತ್ತಿದ್ದನೋ ಏನೋ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ರಸ್ತೆ ಹೊಸದು ಮಾಡುತ್ತಾರೆ ಅಂತ ಸುದ್ದಿ ಬಂತು. ಈ ಸಲ ಬೇರೆ ತರಹದ ಡಾಂಬರು, ಟೈರಿನ ರಬ್ಬರು ಬೆರೆಸಿದ್ದು, ಬೇಗ ಗುಂಡಿ ಬೀಳುವುದಿಲ್ಲ ಅಂದರು. ಮೊದಲು ಜೆಸಿಬಿ ಬಂದು ರಸ್ತೆಯ ಎರಡೂ ಮಗ್ಗುಲು ಹೆರೆದು ಮಣ್ಣು ಹರವಿತು. ನಾನು ಕೊಟ್ಟಿಗೆಯಿಂದ ಹೊರಗೆ ಬರುವ ಹೊತ್ತಿಗೆ ನಮ್ಮ ಬೇಲಿಯ ಹತ್ತಿರದ ಮೋರಿಯ ಬಾಯಿ ಮಣ್ಣಿನ ಕೆಳಗೆ ಹೋಗಿತ್ತು. ಅದರ ಮೇಲೆ ಯಂತ್ರ ಹತ್ತಿ ಇಳಿದು ತಟ್ಟಿ ಸಮ ಮಾಡಿತು. ನೋಡುತ್ತಾ ನಿಂತೆ. ನಾನೇ ಅಗೆದು ಬಿಡಿಸಿದರೂ ನಾಳೆ ಯಂತ್ರ ಮತ್ತೆ ಮುಚ್ಚುತ್ತದೆ. ಬಾಯಿ ಮುಚ್ಚಿದರೆ ಮಳೆಗಾಲದಲ್ಲಿ ಜಲ ಎಲ್ಲಿಗೆ ಹೋಗುತ್ತದೆ? ರಸ್ತೆ ಒಡೆದರೆ ಮೊದಲು ನಿಲ್ಲುವುದು ಬಸ್ಸು. ಈ ಕಡೆ ಬಸ್ಸು ಒಮ್ಮೆ ನಿಂತರೆ ಮತ್ತೆ ಬಿಡಿಸುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು.

ಹೇಳಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಹೇಳಲಿಲ್ಲ. ಹೇಗೆ ಹೇಳದೆ ಹೋದೆ ಅಂತ ಬರೆಯುತ್ತೇನೆ.

ಜಾಗ ಸಮ ಮಾಡಿದ ಮೇಲೆ ಗುದ್ದಲಿ ಪೂಜೆ ನಮ್ಮ ತಿರುವಿನಲ್ಲೇ ಆಯಿತು. ಇಂಜಿನಿಯರು, ಕಂಟ್ರಾಕ್ಟರು, ಪಂಚಾಯಿತಿಯವರು ಎಲ್ಲರೂ ಒಂದೇ ಕಡೆ ಸಿಕ್ಕಿದ ದಿನ ಅದು. ಆದರೆ ಗಂಡ ಇಲ್ಲದವಳು ಹೊಸ ಕೆಲಸದ ಮೊದಲ ಪೂಜೆಗೆ ಎದುರಾಗಬಾರದು ಅಂತ ನಮ್ಮ ಕಡೆ. ಯಾರೂ ನನಗೆ ಬರಬೇಡ ಅನ್ನಲಿಲ್ಲ. ನಾನೇ ಬಾಗಿಲು ಮುಂದೆ ಮಾಡಿ ಒಳಗೆ ಕೂತೆ. ಕಾಯಿ ಒಡೆದ ಶಬ್ದ ಕೇಳಿತು. ಆಮೇಲೆ ಯಾರೋ ಬಾಗಿಲ ಹತ್ತಿರ ಬಾಳೆಲೆಯಲ್ಲಿ ಪ್ರಸಾದ ಇಟ್ಟು ಹೋದರು. ಬಾಗಿಲು ತೆಗೆಯುವಷ್ಟರಲ್ಲಿ ಜೀಪುಗಳೆಲ್ಲ ಹೋಗಿದ್ದವು.

ಎರಡನೆಯ ಸಲ ಇಂಜಿನಿಯರು ತಾವಾಗಿಯೇ ನಮ್ಮ ಜಗಲಿಗೆ ಬಂದರು. ನಲವತ್ತು ವರ್ಷ ಇರಬಹುದು, ಕನ್ನಡಕ, ಒಳ್ಳೆಯ ಮನುಷ್ಯ. ಬಿಸಿಲಿಗೆ ದಣಿದು ಕೂತು ಮಜ್ಜಿಗೆ ಕುಡಿದರು. ಎಸ್ಟೇಟಿನ ಹೆಂಗಸರೂ ಇದ್ದರು, ಆಗ ಅವರಿಗೆ ಮಧ್ಯಾಹ್ನದ ಊಟದ ಬಿಡುವು. ತಮಿಳಿನವಳು ಸುಮ್ಮನಿರುತ್ತಾಳೆಯೆ?

"ಸಾರ್, ಟೈರ್ ಹಾಕಿ ರೋಡ್ ಮಾಡ್ತೀರಂತೆ. ನಮ್ ರೈಟರ್ ಜೀಪ್ ಟೈರ್ ತಗೊಂಡೋಗಿ ಸಾರ್, ಅದ್ರಲ್ಲಿ ರಬ್ಬರ್ರೇ ಇಲ್ಲ, ಬರೀ ದಾರ."

ಇಂಜಿನಿಯರು ನಕ್ಕು ಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು, ನನ್ನ ಅಂಗೈ ಮೇಲೆ ಒಂದು ಚಿಟಿಕೆ ಸುರಿದರು. ಕಪ್ಪು ಪುಡಿ. ತರಿತರಿ, ರಾಗಿ ನುಚ್ಚಿನ ಹಾಗೆ, ಆದರೆ ಭಾರವೇ ಇಲ್ಲ. ಬೆರಳಿನಲ್ಲಿ ಒತ್ತಿದರೆ ಪುಟಿಯುತ್ತದೆ. ಟೈರಿನ ಒಳಗಿನ ತಂತಿ, ನೂಲು ಎಲ್ಲ ತೆಗೆದು ಅರೆದದ್ದಂತೆ. ಅದನ್ನು ಕುದಿಯುವ ಡಾಂಬರಿಗೆ ಬೆರೆಸಿದರೆ ಅದು ಉಬ್ಬಿ ಡಾಂಬರಿನಲ್ಲಿ ಸೇರಿಕೊಳ್ಳುತ್ತದೆ. ಬಿಸಿಲಿಗೆ ಬೇಗ ಕರಗುವುದಿಲ್ಲ, ಚಳಿಗೆ ಬೇಗ ಬಿರಿಯುವುದಿಲ್ಲ, ಜಲ್ಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಅಂದರು. ಆ ಪುಡಿಯನ್ನು ಮೂಸಿ ನೋಡಿದೆ. ತಾತನ ಶರಟಿನ ವಾಸನೆಯೇ. ಸುಟ್ಟದ್ದಲ್ಲ, ಅಷ್ಟೇ ವ್ಯತ್ಯಾಸ. ಕಣ್ಣಲ್ಲಿ ನೀರು ಬಂದು ಮುಖ ತಿರುಗಿಸಿದೆ.

ಆ ಹೊತ್ತಿಗೆ ಹೇಗೋ ಧೈರ್ಯ ಮಾಡಿ, "ಈ ತಿರುವಲ್ಲಿ ಮಳೆಗಾಲಕ್ಕೆ ನೀರು..." ಅಂದೆ.

"ಅದಕ್ಕೇ ಅಜ್ಜಿ ಈ ಡಾಂಬರು. ಒಂದು ಹನಿ ಒಳಗೆ ಇಳಿಯಲ್ಲ ನೋಡಿ," ಅಂದರು ಅವರು.

ಮೇಲಿನಿಂದ ಇಳಿಯುವ ನೀರಲ್ಲಪ್ಪ, ಕೆಳಗಿನಿಂದ ಏಳುವ ನೀರು ಅನ್ನಬೇಕಿತ್ತು. ಇಷ್ಟೇ ಮಾತು. ಆದರೆ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಿಮ್ಮ ತಾತ "ಬಾಯ್ಬಿಡ್ಬೇಡ" ಅಂದದ್ದು ಕಿವಿಯಲ್ಲಿ ಬಂತು. ಕಲ್ಲು ಎಲ್ಲಿಂದ ತಂದರು ಅಂತ ಕೇಳಿದರೆ? ಸತ್ತವರ ಮೇಲೆ ಒಂದು ಮಾತು ಬಂದರೆ? ಲೋಟ ತೆಗೆದುಕೊಂಡು ಒಳಗೆ ಹೋದೆ.

ತಮಿಳಿನವಳು ಸೂಕ್ಷ್ಮ, ಹಿಂದೆಯೇ ಬಂದಳು. "ಏನೋ ಹೇಳಕ್ಕೆ ಬಂದೆ, ನುಂಗ್ಬಿಟ್ಟೆ. ಏನಕ್ಕಾ?"

ಅವಳಿಗೆ ಮಾತ್ರ ಹೇಳಿದೆ. ಮೋರಿ, ಕಲ್ಲು, ಮುಚ್ಚಿಹೋದ ಬಾಯಿ, ಎಲ್ಲ.

"ಅಯ್ಯೋ ಕಡವುಳೇ! ಇದನ್ನ ಬಾಯೊಳಗೆ ಇಟ್ಕೊಂಡು ಕೂತಿದ್ದೀಯಾ? ನಿನ್ ಬಾಯಿಗೂ ರಬ್ಬರ್ ಡಾಂಬರು ಹಾಕಿದ್ದಾರಾ? ಇರು, ನಾನೇ ಹೇಳ್ತೀನಿ."

"ಬೇಡ," ಅಂದೆ. "ನಮ್ಮವರ ವಿಷಯ. ಇನ್ನೊಬ್ರ ಬಾಯಲ್ಲಿ ಬರೋದು ಬೇಡ. ನಾನೇ ಹೇಳ್ತೀನಿ."

"ಯಾವಾಗ ಹೇಳ್ತೀಯ?"

"ನಮ್ಮ ತಿರುವಿಗೆ ಡಾಂಬರು ಬರೋದ್ರೊಳಗೆ."

ಆಣೆ ಮಾಡಿಸಿಕೊಂಡು ಹೋದಳು. ಸೋಮವಾರ ನಮ್ಮ ತಿರುವಿನ ಸರದಿ ಅಂತ ಮೇಸ್ತ್ರಿ ಹೇಳಿದ್ದ. ಭಾನುವಾರ ಇಡೀ ದಿನ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ಏನು ಹೇಳಬೇಕು ಅಂತ ಅಭ್ಯಾಸ ಮಾಡಿದೆ. ಸೋಮವಾರ ಬೆಳಗ್ಗೆ ಸೀರೆ ಉಟ್ಟು ಬಾಗಿಲಿಗೆ ಬಂದರೆ, ಹಬೆಯಾಡುವ ಲಾರಿ ಆಗಲೇ ನಿಂತಿತ್ತು. ಈ ಡಾಂಬರು ಮಾಮೂಲಿಗಿಂತ ಹೆಚ್ಚು ಬಿಸಿ ಇರಬೇಕು, ಆರುವುದರೊಳಗೆ ಹರವಿ ರೋಲರ್ ಓಡಿಸಬೇಕು. ನಮ್ಮ ಕಡೆ ಮಂಜು ಬಿದ್ದರೆ ಬೇಗ ಆರುತ್ತದೆ ಅಂತ ಎಲ್ಲರೂ ಓಡಾಡುತ್ತಿದ್ದರು. "ಬೇಗ, ಬೇಗ! ಹಿಂದೆ! ಇನ್ನೂ ಹಿಂದೆ!" ಅಂತ ಕೂಗು. ಅಷ್ಟು ಜನ ಗಂಡಸರು, ಅಷ್ಟು ಅವಸರ. ಒಬ್ಬ ಮುದುಕಿ ನಡುವೆ ಹೋಗಿ ನಿಲ್ಲಿಸಿ ಅನ್ನುವುದು ಹೇಗೆ? ಇಂಜಿನಿಯರು ನನ್ನನ್ನು ನೋಡಿ ಕೈ ಎತ್ತಿ, "ಅಜ್ಜಿ, ಒಳಗೆ ಹೋಗಿ, ಬಿಸಿ ಸಿಡಿದೀತು," ಅಂದರು. ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ತಿರುವು ನುಣ್ಣಗೆ, ಕಪ್ಪಗೆ, ಮದುವೆ ಮನೆಯ ನೆಲದ ಹಾಗೆ ಆಗಿತ್ತು.

ಮರುದಿನ ತಮಿಳಿನವಳು ನನ್ನ ಕೈಯ ಕಾಫಿ ಮುಟ್ಟಲಿಲ್ಲ. "ಆಣೆ ಮಾಡಿದ್ದೆಯಲ್ಲಕ್ಕಾ," ಅಂದಳು ಒಂದೇ ಮಾತು. ಎರಡು ದಿನದ ನಂತರ ಕುಡಿದಳು. ಆದರೆ ಮೊದಲಿನಂತೆ ನನ್ನನ್ನು ಕೆಣಕಲಿಲ್ಲ.

ರಸ್ತೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಸ್ಸು ಬಂದರೆ ಮೊದಲು ಕೇಳುತ್ತಿದ್ದ ಗಡಗಡ ಇಲ್ಲ. ಎಷ್ಟೋ ದಿನ ಬಂದದ್ದೇ ತಿಳಿಯುತ್ತಿರಲಿಲ್ಲ. ಜೂನ್ ತಿಂಗಳ ಮಳೆಗೆ ಏನೂ ಆಗಲಿಲ್ಲ. ನಾನೇ ತಪ್ಪು ತಿಳಿದೆನೇನೋ ಅಂತ ಸ್ವಲ್ಪ ಹಗುರಾಗಿದ್ದೆ.

ಆಷಾಢದ ನಡುವೆ ಒಂದು ವಾರ ಮಳೆ ಬಿಡಲೇ ಇಲ್ಲ. ಒಂದು ಬೆಳಗ್ಗೆ ಹಾಲು ಕೊಡಲು ಬರಿಗಾಲಲ್ಲಿ ರಸ್ತೆ ದಾಟುವಾಗ ಕಾಲ ಕೆಳಗೆ ಡಾಂಬರು ಮೆತ್ತಗೆ ಒಳಗೆ ಹೋಗಿ, ಕಾಲೆತ್ತಿದರೆ ಮೇಲೆ ಬಂತು. ಬಗ್ಗಿ ನೋಡಿದೆ. ಎರಡು ಮೊರದಷ್ಟು ಅಗಲ, ಹೆಂಚಿನ ಮೇಲಿನ ರೊಟ್ಟಿ ಉಬ್ಬಿದ ಹಾಗೆ ಉಬ್ಬಿತ್ತು. ಹಳೆಯ ಡಾಂಬರಾಗಿದ್ದರೆ ಮೊದಲ ದಿನವೇ ಬಿರಿದು ನೀರು ಹೊರಗೆ ಚಿಮ್ಮುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಇದು ಬಿರಿಯಲಿಲ್ಲ. ಹಿಗ್ಗಿ, ತಡೆದುಕೊಂಡು, ಕೆಳಗಿನ ಮಣ್ಣೆಲ್ಲ ನೀರಾಗುವವರೆಗೆ ಮೇಲೆ ಏನೂ ತೋರಿಸಿಕೊಳ್ಳದೆ ಇತ್ತು.

ಓಡಿಹೋಗಿ ಬೇಲಿಯ ಸೊಪ್ಪಿನ ಕೊಂಬೆ ಮುರಿದು ತಂದು ಅದರ ಸುತ್ತ ಹಾಕಿದೆ. ಗುಂಡಿ ಇದ್ದರೆ ಸೊಪ್ಪು ಇಡುವುದು ಎಲ್ಲ ಡ್ರೈವರುಗಳಿಗೂ ಗೊತ್ತು. ಆದರೆ ಮಳೆಗೆ ರಸ್ತೆಯ ತುಂಬ ಕೊಂಬೆ ಬಿದ್ದಿದ್ದವು, ಅದರಲ್ಲಿ ನನ್ನದು ಯಾವುದು ಅಂತ ಬಸ್ಸಿನವನಿಗೆ ಹೇಗೆ ತಿಳಿಯಬೇಕು? ಬಸ್ಸು ಬಂತು. ನಾನು ಕೈ ಅಡ್ಡ ಹಿಡಿದೆ, ಕೂಗಿದೆ ಅಂದುಕೊಂಡಿದ್ದೇನೆ, ಕೂಗಿದೆನೋ ಇಲ್ಲವೋ. ಹಿಂದಿನ ಚಕ್ರ ಅದರ ಮೇಲೆ ಹೋದದ್ದೇ ತಡ, ಅಚ್ಚಿನವರೆಗೆ ಹೂತುಹೋಯಿತು. ಬಸ್ಸು ನಮ್ಮ ಮನೆಯ ಕಡೆಗೇ ವಾಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಕಾವೇರಮ್ಮನ ದಯೆ. ಹೆಂಗಸರು ಒಬ್ಬೊಬ್ಬರೇ ಮಳೆಯಲ್ಲಿ ಇಳಿದರು. ತಮಿಳಿನವಳು ನನ್ನನ್ನು ಒಂದು ಸಲ ನೋಡಿ, ಸೆರಗು ತಲೆಗೆ ಹಾಕಿಕೊಂಡು ಎಸ್ಟೇಟಿನ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ಬಸ್ಸಿನ ಟ್ರಿಪ್ಪು ನಿಂತಿತು.

ಬಸ್ಸು ಎಳೆದುಕೊಂಡು ಹೋದ ಮೇಲೆ ತಾತನ ಗುದ್ದಲಿ ತೆಗೆದುಕೊಂಡು, ಮಳೆಗೆ ತಲೆಯ ಮೇಲೆ ಗೊಪ್ಪೆ ಹಾಕಿಕೊಂಡು ಬೇಲಿಯ ಹತ್ತಿರ ಹೋದೆ. ಮೇಲೆ ಎಲ್ಲವೂ ಒಂದೇ ಸಮ ಮಣ್ಣು. ಆದರೆ ಅಷ್ಟು ವರ್ಷ ಬಿಡಿಸಿದ ಜಾಗ, ಕೈಗೇ ಗೊತ್ತು. ಮಣ್ಣು ಗಟ್ಟಿಯಾಗಿ ತಟ್ಟಿದ್ದರು. ಅರ್ಧ ದಿನ ಅಗೆದೆ. ಮೊಣಕೈಯಷ್ಟು ಆಳದಲ್ಲಿ ಗುದ್ದಲಿ ಕಲ್ಲಿಗೆ ತಾಗಿತು. ಅದನ್ನು ಎಬ್ಬಿಸಿದೆ. ಮೊದಲು ಕೆಂಪು ರಾಡಿ, ಆಮೇಲೆ ನೀರು, ಕಾಲಿನ ಮೇಲೇ ಹರಿಯಿತು. ಮಂಜಿನಷ್ಟು ತಣ್ಣಗೆ. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಜಿಗಣೆ ಹತ್ತಿದ್ದೂ ತಿಳಿಯದೆ ಅಲ್ಲೇ ನಿಂತಿದ್ದೆ.

ಎರಡು ದಿನ ಬಿಟ್ಟು ಇಂಜಿನಿಯರು ಬಂದರು. ಗುಂಡಿ ನೋಡಿದರು, ಡಾಂಬರಿನ ಒಂದು ತುಂಡು ಕೈಯಲ್ಲಿ ಹಿಡಿದು ಬಗ್ಗಿಸಿದರು, ಅದು ಮುರಿಯಲಿಲ್ಲ. ಆಮೇಲೆ ಬೇಲಿಯ ಹತ್ತಿರ ಹರಿಯುವ ನೀರು ನೋಡಿ ನನ್ನ ಕಡೆ ತಿರುಗಿದರು. ಆಗ ಹೇಳಿದೆ. ನಿಮ್ಮ ತಾತ ಅಗೆದದ್ದು, ಇಲಾಖೆಯ ಕಲ್ಲು ತೆಗೆದದ್ದು, ಯಾರಿಗೂ ಹೇಳಬೇಡ ಅಂದದ್ದು, ಯಾವುದನ್ನೂ ಬಿಡಲಿಲ್ಲ. ಅವರು ಕಲ್ಲಿನ ವಿಷಯ ಕೇಳಲೇ ಇಲ್ಲ.

"ಎಷ್ಟು ಚೆನ್ನಾಗಿ ಮಾಡಿದ್ದಾರೆ ನಿಮ್ಮ ಯಜಮಾನರು," ಅಂದರು. ಬಗ್ಗಿ ಹರಿಯುವ ನೀರಿಗೆ ಕೈ ಒಡ್ಡಿ, "ಒಂದೂವರೆ ತಿಂಗಳು ನಿಮ್ಮನೆ ಎದುರಿಗೇ ಇದ್ದೆನಲ್ಲ ಅಜ್ಜಿ. ಮೊದಲೇ ಹೇಳಬಾರದಿತ್ತಾ?"

ನಾನು ಬಗ್ಗಿ ಮೋರಿಯ ಬಾಯಿಗೆ ಬಂದಿದ್ದ ಎಲೆಗಳನ್ನು ಎಳೆದುಹಾಕಿದೆ.

ಮಳೆ ಕಡಿಮೆಯಾದ ಮೇಲೆ ಆ ಜಾಗ ಮತ್ತೆ ಅಗೆದು, ತಾತನ ಕಲ್ಲುಗಳ ನಡುವೆಯೇ ದೊಡ್ಡ ಪೈಪು ಮಲಗಿಸಿ, ಮತ್ತೆ ಅದೇ ರಬ್ಬರಿನ ಡಾಂಬರು ಹಾಕಿದರು. ಆಮೇಲೆ ಎರಡು ಮಳೆಗಾಲ ಕಳೆದಿದೆ, ಒಂದು ಬಿರುಕೂ ಬಿಟ್ಟಿಲ್ಲ. ಉಳಿದ ರಸ್ತೆಯೂ ಹಾಗೇ ಇದೆ. ನಿಮ್ಮ ಮಿಸ್ ಹೇಳಿದ್ದು ನಿಜ, ಅದು ಒಳ್ಳೆಯ ಡಾಂಬರು.

ಬಸ್ಸು ಬರಲು ಡಿಸೆಂಬರ್ ಆಯಿತು. ಅಷ್ಟರಲ್ಲಿ ಎಸ್ಟೇಟಿನವರು ಕಾಫಿ ಹಣ್ಣು ಬಿಡಿಸುವ ಕೆಲಸ ನಿಲ್ಲಬಾರದು ಅಂತ ಹೆಂಗಸರಿಗೆ ತಮ್ಮದೇ ಜೀಪು ಮಾಡಿದ್ದರು. ಅದು ಆಚೆ ಗೇಟಿನಿಂದ ನೇರ ಒಳಗೆ ಹೋಗುತ್ತದೆ. ಬಸ್ಸು ಬಂದ ಮೊದಲ ದಿನ ನಾನು ದೊಡ್ಡ ಪಾತ್ರೆಯಲ್ಲೇ ಕಾಫಿ ಕಾಯಿಸಿದ್ದೆ. ಬಸ್ಸು ತಿರುವಿನಲ್ಲಿ ನಿಲ್ಲಲಿಲ್ಲ. ಇಳಿಯುವವರು ಇಲ್ಲದ ಮೇಲೆ ಯಾಕೆ ನಿಲ್ಲುತ್ತದೆ? ಒಂದು ವಾರ ಹಾಗೇ ಕಾಯಿಸಿದೆ, ಆಮೇಲೆ ಒಂದು ಲೋಟದ್ದೇ ಇಟ್ಟೆ. ತಮಿಳಿನವಳು ಒಂದು ಸಲ ಸಂತೆಯಲ್ಲಿ ಸಿಕ್ಕಿ ಕೈ ಹಿಡಿದುಕೊಂಡಳು. ಬರ್ತೀನಕ್ಕಾ ಅಂದಳು. ಬರಲು ಅವಳಿಗೆ ಎಲ್ಲಿದೆ ಬಿಡುವು. ಬೆಳಗ್ಗೆ ಏಳೂವರೆಗೆ ಜಗಲಿ ಗುಡಿಸಿ ಕೂರುತ್ತೇನೆ. ರಸ್ತೆ ಸದ್ದೇ ಮಾಡುವುದಿಲ್ಲ ಈಗ.

ಇಂಜಿನಿಯರು ಆ ಪೈಪನ್ನು ಟೇಪು ಹಿಡಿದು ಅಳೆದು ಬರೆದುಕೊಂಡರು. ಅವರಿಗೆ ಈಗ ಬೇರೆ ಊರಿಗೆ ವರ್ಗವಾಗಿದೆ. ಆ ಕಾಗದ ಯಾವ ಬೀರುವಿನಲ್ಲಿದೆಯೋ. ಅದಕ್ಕೆ ಇಲ್ಲಿ ಬರೆಯುತ್ತೇನೆ: ನಮ್ಮ ಗೇಟಿನಿಂದ ಏರುದಾರಿಯ ಕಡೆಗೆ ಹದಿನಾಲ್ಕು ಹೆಜ್ಜೆ, ನನ್ನ ಹೆಜ್ಜೆ, ನಿಮ್ಮದಲ್ಲ. ಅಲ್ಲಿ ಬೇಲಿಯ ಬುಡದಲ್ಲಿ ಪೈಪಿನ ಬಾಯಿ. ರಸ್ತೆಯ ಕೆಳಗೆ ಅದು ನೇರ ಹೋಗುವುದಿಲ್ಲ, ಏರಿನ ಕಡೆಗೆ ಓರೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಬಿಡಿಸಬೇಕು. ಮುಂದೆ ಯಾವಾಗಲಾದರೂ ಜೆಸಿಬಿ ಬಂದರೆ ಓಡಿಹೋಗಿ ಹೇಳಬೇಕು. ಪೂಜೆ ನಡೆಯುತ್ತಿದ್ದರೂ ಸರಿ, ಎಷ್ಟು ಜನ ಗಂಡಸರಿದ್ದರೂ ಸರಿ, ಪುಟ್ಟಿ, ನೀನಂತೂ ಹೇಳಲೇಬೇಕು.

ಈ ಹಾಳೆಗಳನ್ನು ಹರಿಯಬೇಡಿ, ಗೆದ್ದಲು ಹತ್ತದ ಕಡೆ ಇಡಿ. ನಾನು ಹೋದ ಮೇಲೆ ಆ ಬಾಯಿ ಎಲ್ಲಿದೆ ಅಂತ ಹೇಳುವುದು ಇವು ಮಾತ್ರ.